ಒಂದಕ್ಕಿಂತ ಹೆಚ್ಚು ಮೋಡ್ ಇರುವ ಲೇಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಡಿಗ್ರಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ. ಲೇಸರ್ ಪಾಠ ಮುಗಿದ ಮೇಲೆ ಕಾರಿಡಾರಿನಲ್ಲಿ, ಸಂಜೆ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ, ರಾತ್ರಿ ಫೋನಿನಲ್ಲಿ ಬರುವ ಪ್ರಶ್ನೆಗಳು ಪ್ರತಿ ವರ್ಷವೂ ಹೆಚ್ಚು ಕಮ್ಮಿ ಅವೇ. ಹಿರಿಯೂರು, ಹೊಳಲ್ಕೆರೆ ಕಡೆಯ ಮೇಷ್ಟ್ರುಗಳು ಕಾಗದ ಬರೆದು ಕೇಳಿದ್ದೂ ಇದೆ. ಪ್ರತಿ ಸಲ ಹೊಸದಾಗಿ ಹೇಳುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಅವರವರ ಮಾತಿನಲ್ಲೇ ಇವೆ. ‘ನಾಯ್ಸ್’ ಅನ್ನೋದಕ್ಕೆ ನಾನು ಗದ್ದಲ ಅಂತ ಬರೆಯುತ್ತೇನೆ, ‘ಥ್ರೆಶೋಲ್ಡ್’ಗೆ ಹೊಸ್ತಿಲು. ಉಳಿದ ಪದಗಳು ಕ್ಲಾಸಿನಲ್ಲಿ ಹೇಗೆ ಬಳಸುತ್ತೇವೋ ಹಾಗೆ.

## ಶುರುವಿಗೆ

ಸರ್, ಲೇಸರ್ ಅಂದ್ರೆ ಒಂದೇ ಬಣ್ಣ ಅಂತ ಬುಕ್ಕಲ್ಲಿದೆ. ಮತ್ತೆ ಈ ಮಲ್ಟಿಮೋಡ್ ಎಲ್ಲಿಂದ ಬಂತು?

ಬುಕ್ಕು ಸ್ವಲ್ಪ ಸುಲಭ ಮಾಡಿ ಹೇಳಿದೆ, ಅಷ್ಟೇ. ಲೇಸರ್ ಒಳಗೆ ಎದುರುಬದುರು ಎರಡು ಕನ್ನಡಿ ಇರುತ್ತವೆ. ಅವುಗಳ ನಡುವೆ ಸರಿಯಾಗಿ ಕೂರುವ ಅಲೆ ಮಾತ್ರ ಉಳಿಯುತ್ತದೆ. ತತ್ವಪದ ಹಾಡುವವರ ಏಕತಾರಿ ನೋಡಿ, ತಂತಿಯ ಎರಡೂ ತುದಿ ಬಿಗಿದಿರುವುದರಿಂದ ಅರ್ಧ ಅಲೆಗಳು ಪೂರ್ಣ ಸಂಖ್ಯೆಯಲ್ಲೇ ಕೂರಬೇಕು: ಒಂದು, ಎರಡು, ಮೂರು, ಹೀಗೆ. ಲೇಸರ್‌ನಲ್ಲಿಯೂ ಅದೇ ಲೆಕ್ಕ, ಸಂಖ್ಯೆ ಮಾತ್ರ ಭಾರಿ. ಲ್ಯಾಬಿನ ಕೆಂಪು ಹೀಲಿಯಂ-ನಿಯಾನ್ ಲೇಸರ್‌ನ ಅಲೆಯುದ್ದ 632.8 ನ್ಯಾನೋಮೀಟರ್. ಕನ್ನಡಿಗಳ ನಡುವೆ 30 ಸೆಂಟಿಮೀಟರ್ ಇದ್ದರೆ ಸುಮಾರು 9 ಲಕ್ಷದ 48 ಸಾವಿರ ಅರ್ಧ ಅಲೆಗಳು ಕೂರುತ್ತವೆ. ಇನ್ನೊಂದು ಅರ್ಧ ಅಲೆ ಜಾಸ್ತಿ ಇರುವುದೂ ಕೂರುತ್ತದೆ, ಒಂದು ಕಮ್ಮಿ ಇರುವುದೂ ಕೂರುತ್ತದೆ. ಇವು ಒಂದೊಂದೂ ಒಂದೊಂದು ಮೋಡ್.

ಪಕ್ಕಪಕ್ಕದ ಮೋಡ್‌ಗಳ ನಡುವಿನ ಅಂತರ ಬೇಕಾದರೆ ಬೆಳಕಿನ ವೇಗವನ್ನು ಕನ್ನಡಿಗಳ ದೂರದ ಎರಡರಷ್ಟರಿಂದ ಭಾಗಿಸಿ. 30 ಸೆಂಟಿಮೀಟರಿಗೆ 500 ಮೆಗಾಹರ್ಟ್ಸ್ ಬರುತ್ತದೆ. ನಿಯಾನ್ ಅಣುಗಳು ಓಡಾಡುತ್ತಲೇ ಇರುವುದರಿಂದ ಅವು ಬಲ ಕೊಡುವ ಪಟ್ಟಿ ಸುಮಾರು 1500 ಮೆಗಾಹರ್ಟ್ಸ್ ಅಗಲ ಇದೆ. ಅದರೊಳಗೆ ಮೂರು ಮೋಡ್ ಆರಾಮಾಗಿ ಕೂರುತ್ತವೆ. ಕೆಂಪು ಬೆಳಕಿನ ಆವರ್ತನ 474 ಟೆರಾಹರ್ಟ್ಸ್. ಅದರ ಮುಂದೆ 500 ಮೆಗಾಹರ್ಟ್ಸ್ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಕಣ್ಣಿಗೆ ಒಂದೇ ಬಣ್ಣ ಅನ್ನಿಸದೆ ಇನ್ನೇನು.

ಮೋಡ್ ಅಂದ್ರೆ ಗೋಡೆ ಮೇಲೆ ಬೀಳೋ ಚುಕ್ಕೆಯ ಆಕಾರ ಅಲ್ವಾ?

ಅದೂ ಹೌದು. ಕಿರಣದ ಅಡ್ಡಕ್ಕೆ ಬೆಳಕು ಹೇಗೆ ಹರಡಿದೆ ಅನ್ನೋದು ಅಡ್ಡ ಮೋಡ್: ಒಂದೇ ಚುಕ್ಕೆ, ಎರಡು ಹೋಳು, ನಾಲ್ಕು ಹೋಳು. ಉದ್ದಕ್ಕೆ ಎಷ್ಟು ಅರ್ಧ ಅಲೆ ಕೂತಿವೆ ಅನ್ನೋದು ಉದ್ದ ಮೋಡ್. ಚುಕ್ಕೆ ದುಂಡಗೆ ಚೆನ್ನಾಗಿದ್ದರೂ ಒಳಗೆ ಮೂರು ಉದ್ದ ಮೋಡ್ ಇರಬಹುದು. ಇಲ್ಲಿ ಬರೆದಿದ್ದೆಲ್ಲ ಹೆಚ್ಚಾಗಿ ಉದ್ದದವುಗಳ ಬಗ್ಗೆ.

ಪೋಲರೈಸರ್ ಇಟ್ರೆ ಲೇಸರ್ ತಾನಾಗೇ ಮಂಕಾಗಿ ಮತ್ತೆ ಬೆಳಗುತ್ತೆ. ಟ್ಯೂಬ್ ಹೋಯ್ತಾ ಸರ್?

ಹೋಗಿಲ್ಲ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೆಳಿಗ್ಗೆ ಮೊದಲ ಬ್ಯಾಚ್‌ಗೆ ಪೋಲರೈಸರ್ ಪ್ರಯೋಗ. ಪೋಲರೈಸರ್ ತಿರುಗಿಸದೆ ಹಾಗೇ ಬಿಟ್ಟಿದ್ದರೂ ಮೀಟರ್ ಮುಳ್ಳು ಮೇಲೆ ಹೋಗುವುದು, ಕೆಳಗೆ ಬರುವುದು, ಮತ್ತೆ ಮೇಲೆ. ಮಕ್ಕಳು ನಗುತ್ತಿದ್ದರು. ಕರೆಂಟ್ ಏರಿಳಿತ ಅಂದುಕೊಂಡೆ, ಫ್ಯಾನ್ ಆಫ್ ಮಾಡಿಸಿದೆ, ಕಿಟಕಿ ಮುಚ್ಚಿಸಿದೆ. ಕೊನೆಗೆ ಪವರ್ ಸಪ್ಲೈ ಹಾಳಾಗಿದೆ ಅಂತ ತೀರ್ಮಾನಿಸಿ ಎರಡು ದಿನ ಅದರ ಹಿಂದೆಯೇ ಬಿದ್ದೆ. ಲ್ಯಾಬಿನ ಅಟೆಂಡರ್ ಒಂದು ಮಾತು ಹೇಳಿದರು: ‘ಸರ್, ಅದು ಬೆಳಿಗ್ಗೆ ಮಾತ್ರ ಕುಣಿಯುತ್ತೆ, ಮಧ್ಯಾಹ್ನದ ಬ್ಯಾಚಿಗೆ ಸುಮ್ನಿರುತ್ತೆ.’ ಅಲ್ಲಿಗೆ ಗುಟ್ಟು ಬಿಟ್ಟಿತು.

ಟ್ಯೂಬ್ ಹಚ್ಚಿದ ಮೇಲೆ ಬಿಸಿಯಾಗುತ್ತದೆ, ಬಿಸಿಯಾದರೆ ಉದ್ದವಾಗುತ್ತದೆ. ಬೋರೋಸಿಲಿಕೇಟ್ ಗಾಜು 30 ಸೆಂಟಿಮೀಟರ್ ಇದ್ದರೆ ಒಂದು ಡಿಗ್ರಿಗೆ ಸುಮಾರು 1 ಮೈಕ್ರಾನ್ ಹಿಗ್ಗುತ್ತದೆ. ಉದ್ದ 316 ನ್ಯಾನೋಮೀಟರ್ ಹೆಚ್ಚಾದರೆ ಸಾಕು, ಮೋಡ್‌ಗಳ ಸಾಲು ಒಂದು ಮನೆ ಪಕ್ಕಕ್ಕೆ ಜರುಗುತ್ತದೆ. ಅಂದರೆ ಒಂದೇ ಡಿಗ್ರಿಗೆ ಮೂರು ಸಲ. ಇಂಥ ಸಾದಾ ಟ್ಯೂಬ್‌ಗಳಲ್ಲಿ ಪಕ್ಕಪಕ್ಕದ ಮೋಡ್‌ಗಳು ಸಾಮಾನ್ಯವಾಗಿ ಒಂದಕ್ಕೊಂದು ಅಡ್ಡ ದಿಕ್ಕಿನಲ್ಲಿ ಧ್ರುವೀಕರಣಗೊಂಡಿರುತ್ತವೆ. ಪೋಲರೈಸರ್ ಒಂದು ದಿಕ್ಕಿನವನ್ನು ಮಾತ್ರ ಬಿಡುತ್ತದೆ. ಮೋಡ್‌ಗಳು ಒಂದೊಂದಾಗಿ ಪಟ್ಟಿಯ ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವಾಗ ಮೀಟರ್ ಮುಳ್ಳು ಕುಣಿಯುತ್ತದೆ. ಮೊದಲು ಬೇಗ ಬೇಗ, ಟ್ಯೂಬ್ ಬಿಸಿ ಹಿಡಿದ ಮೇಲೆ ನಿಧಾನವಾಗಿ. ಪೋಲರೈಸರ್ ತೆಗೆದು ನೋಡಿ, ಒಟ್ಟು ಬೆಳಕು ಅಷ್ಟೇನೂ ಅಲ್ಲಾಡುವುದಿಲ್ಲ. ‘ಒಟ್ಟು’ ಅನ್ನೋ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಲ್ಲಾ ಮೋಡ್‌ಗೂ ಒಂದೇ ಕಡೆಯಿಂದ ಊಟ. ಬಲವಾದ ಒಂದೇ ಮೋಡ್ ಗೆದ್ದು ಉಳಿದವು ಸಾಯಬೇಕಲ್ವಾ?

ಎಲ್ಲರೂ ನಿಜವಾಗಿಯೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರೆ ಹಾಗೇ ಆಗಬೇಕು. ನಮ್ಮ ಕಡೆಯವರಿಗೆ ನೀರಿನ ಲೆಕ್ಕದಲ್ಲಿ ಹೇಳಿದರೆ ಬೇಗ ಹೊಳೆಯುತ್ತದೆ. ಸೂಳೆಕೆರೆಯಂಥ ಒಂದು ಕೆರೆಗೆ ಬೇರೆ ಬೇರೆ ಎತ್ತರದಲ್ಲಿ ತೂಬು ಇಟ್ಟಿದ್ದೀರಿ ಅಂದುಕೊಳ್ಳಿ. ತಗ್ಗಿನ ತೂಬು ಎಳೆಯುತ್ತಾ ಹೋದರೆ ನೀರಿನ ಮಟ್ಟ ಇಳಿದು ಎತ್ತರದ ತೂಬು ಒಣಗುತ್ತದೆ, ಯಾಕೆಂದರೆ ನೀರು ಎಲ್ಲರಿಗೂ ಒಂದೇ. ಎಲ್ಲ ಅಣುಗಳೂ ಎಲ್ಲ ಮೋಡ್‌ಗೂ ಒಂದೇ ಥರ ಸ್ಪಂದಿಸಿದರೆ ಲೇಸರ್ ಈ ಕೆರೆಯ ಹಾಗೆ.

ಹೀಲಿಯಂ-ನಿಯಾನ್ ಹಾಗಿಲ್ಲ, ಅದು ಚಳ್ಳಕೆರೆ ಕಡೆಯ ಬೋರ್‌ವೆಲ್ಲುಗಳ ಹಾಗೆ. ಒಂದು ಬೋರ್ ತನ್ನ ಸುತ್ತ ಮಾತ್ರ ನೀರು ಇಳಿಸುತ್ತದೆ, ಅರ್ಧ ಕಿಲೋಮೀಟರ್ ಆಚೆಯ ಬೋರಿಗೆ ಗೊತ್ತೇ ಆಗುವುದಿಲ್ಲ. ಒಂದೊಂದು ಮೋಡ್ ತನ್ನ ಆವರ್ತನಕ್ಕೆ ಹೊಂದುವ ವೇಗದ ಅಣುಗಳಿಂದ ಮಾತ್ರ ಶಕ್ತಿ ಎಳೆಯುತ್ತದೆ, ಅಲ್ಲಿ ಮಾತ್ರ ಗುಂಡಿ ಬೀಳುತ್ತದೆ. ಇದನ್ನು ಹೋಲ್ ಬರ್ನಿಂಗ್ ಅನ್ನುತ್ತಾರೆ. ಬೋರ್‌ಗಳು ತೀರಾ ಹತ್ತಿರ ಇದ್ದರೆ ಜಗಳ ಶುರು, ಇದೂ ನಿಮಗೆ ಗೊತ್ತಿರುವುದೇ.

ಘನ ಹರಳಿನ ಲೇಸರ್‌ನಲ್ಲಿ ಗುಂಡಿ ಜಾಗದಲ್ಲಿ ಬೀಳುತ್ತದೆ. ನಿಂತ ಅಲೆಗೆ ಗಂಟುಗಳಿರುತ್ತವೆ, ಗಂಟಿದ್ದಲ್ಲಿ ಬೆಳಕು ಸೊನ್ನೆ, ಅಲ್ಲಿನ ಅಣುಗಳು ಹಾಗೇ ಉಳಿಯುತ್ತವೆ. ಇನ್ನೊಂದು ಮೋಡ್‌ನ ಗಂಟುಗಳು ಬೇರೆ ಕಡೆ ಇರುವುದರಿಂದ ಅದು ಬಂದು ಆ ಉಳಿಕೆಯನ್ನು ಉಣ್ಣುತ್ತದೆ. ಬೆಳಕನ್ನು ಉಂಗುರದಲ್ಲಿ ಒಂದೇ ದಿಕ್ಕಿಗೆ ಓಡಿಸಿದರೆ ಗಂಟೇ ಇರುವುದಿಲ್ಲ. ಒಂದೇ ಮೋಡ್ ಬೇಕು ಅನ್ನುವವರು ರಿಂಗ್ ಲೇಸರ್ ಕಟ್ಟುವುದು ಅದಕ್ಕೇ.

ದುಗ್ಗಮ್ಮನ ಜಾತ್ರೇಲಿ ತಂದ ಹಸಿರು ಲೇಸರ್ ಮಿಣುಕುತ್ತೆ. ಇದೂ ಮೋಡ್ ಗಲಾಟೆನಾ?

ಬ್ಯಾಟರಿ ವೀಕ್ ಆಗಿರೋ ಸಾಧ್ಯತೆಯೇ ಜಾಸ್ತಿ. ಆದರೆ ಪ್ರಶ್ನೆ ಒಳ್ಳೆಯದು. ಹಸಿರು ಪಾಯಿಂಟರಿನಲ್ಲಿ 808 ನ್ಯಾನೋಮೀಟರಿನ ಡಯೋಡ್ ಒಂದು ಹರಳನ್ನು ಹುರಿದುಂಬಿಸುತ್ತದೆ, ಅದು 1064ರ ಕಾಣದ ಬೆಳಕು ಕೊಡುತ್ತದೆ, ಇನ್ನೊಂದು ಹರಳು ಅದನ್ನು 532ರ ಹಸಿರು ಮಾಡುತ್ತದೆ. ಇದೇ ತರಹದ ದೊಡ್ಡ ಲೇಸರ್‌ಗಳಲ್ಲಿ ಹಲವು ಮೋಡ್ ಇದ್ದಾಗ ಒಂದು ತೊಂದರೆ ಬರುತ್ತದೆ. ಎರಡು ಮೋಡ್‌ಗಳ ಆವರ್ತನ ಕೂಡಿಯೂ ಹಸಿರು ಹುಟ್ಟುತ್ತದೆ. ಅಂದರೆ ಒಂದು ಮೋಡ್‌ನ ನಷ್ಟ ಪಕ್ಕದ್ದು ಎಷ್ಟು ಜೋರಾಗಿದೆ ಅನ್ನೋದರ ಮೇಲೂ ನಿಂತಿದೆ. ಆಗ ಹಸಿರು ಬೆಳಕು ತಾಳ ತಪ್ಪಿ ಕುಣಿಯುತ್ತದೆ. 1986ರಲ್ಲಿ ಬೇಯರ್ ಅನ್ನುವವರು ಇದನ್ನು ಬಿಡಿಸಿ ತೋರಿಸಿದ ಮೇಲೆ ‘ಹಸಿರು ತೊಂದರೆ’ ಅನ್ನೋ ಹೆಸರೇ ಅಂಟಿಕೊಂಡಿತು. ಇನ್ನೊಂದು ಮಾತು: ಅಗ್ಗದ ಪಾಯಿಂಟರುಗಳಿಂದ ಕಾಣದ ಇನ್‌ಫ್ರಾರೆಡ್ ಕೂಡ ಸೋರಬಹುದು. ಮಕ್ಕಳ ಕೈಗೆ ಕೊಡಬೇಡಿ.

## ಕ್ವಾಂಟಮ್ ಯಾಕೆ ಬೇಕು

ಲ್ಯಾಂಬ್ ಥಿಯರಿ ಎಲ್ಲಾ ಹೇಳುತ್ತಲ್ಲ ಸರ್, ಕ್ವಾಂಟಮ್ ಅಂತ ಯಾಕೆ ತಲೆ ಕೆಡಿಸಿಕೊಳ್ಳೋದು?

ಬಹಳಷ್ಟು ಹೇಳುತ್ತದೆ, ನಿಜ. ವಿಲ್ಲಿಸ್ ಲ್ಯಾಂಬ್ 1964ರಲ್ಲಿ ಕೊಟ್ಟ ಸಿದ್ಧಾಂತದಲ್ಲಿ ಅಣುಗಳು ಕ್ವಾಂಟಮ್, ಬೆಳಕು ಮಾತ್ರ ಹಳೇ ಮ್ಯಾಕ್ಸ್‌ವೆಲ್ ಅಲೆ. ಹೊಸ್ತಿಲು (ಲೇಸರ್ ಹತ್ತಲು ಬೇಕಾದ ಕನಿಷ್ಠ ಬಲ) ಎಲ್ಲಿದೆ, ಯಾವ ಮೋಡ್ ಎಷ್ಟು ಜೋರು, ಮೋಡ್‌ಗಳು ಒಂದನ್ನೊಂದು ಹೇಗೆ ತುಳಿಯುತ್ತವೆ, ಆವರ್ತನ ಎಷ್ಟು ಜರುಗುತ್ತದೆ, ಎಲ್ಲವೂ ಅದರಲ್ಲಿದೆ. ಮೂರು ಮೋಡ್ ತಾವಾಗೇ ಬೀಗ ಹಾಕಿಕೊಳ್ಳುವುದೂ ಇದೆ. ಲ್ಯಾಬಿನ ಅರ್ಧ ಪ್ರಶ್ನೆಗಳಿಗೆ ಅದೇ ಸಾಕು.

ಮೂರು ಕಡೆ ಮಾತ್ರ ಅದು ಕೈ ಎತ್ತುತ್ತದೆ. ಒಂದು, ಶುರು. ಬೆಳಕು ಸೊನ್ನೆ ಅಂತ ಸಮೀಕರಣಕ್ಕೆ ಹಾಕಿದರೆ ಅದು ಎಂದೆಂದಿಗೂ ಸೊನ್ನೆಯಾಗೇ ಇರುತ್ತದೆ, ಆದರೆ ಸ್ವಿಚ್ ಹಾಕಿದರೆ ಲೇಸರ್ ಹತ್ತುತ್ತದಲ್ಲ? ಎರಡು, ಒಂದು ಮೋಡ್‌ನ ಬಣ್ಣ ಎಷ್ಟು ಸಣ್ಣದಾಗಬಹುದು ಅನ್ನೋದು. ಅದಕ್ಕೆ ಶಾಲೋ ಮತ್ತು ಟೌನ್ಸ್ 1958ರಲ್ಲೇ ಒಂದು ಸೂತ್ರ ಕೊಟ್ಟಿದ್ದರು, ಆದರೆ ಅದರ ಬೇರು ತಾನಾಗೇ ಹೊರಡುವ ಬೆಳಕಿನಲ್ಲಿದೆ. ಮೂರು, ಫೋಟಾನ್ (ಬೆಳಕಿನ ಒಂದೊಂದು ಕಾಳು) ಎಣಿಸಿದರೆ ಎಣಿಕೆ ಹೇಗೆ ಏರಿಳಿಯುತ್ತದೆ ಅನ್ನೋದು. ಇದಕ್ಕೆ ಬೆಳಕನ್ನೂ ಕ್ವಾಂಟಮ್ ಮಾಡಲೇಬೇಕು. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಹರ್ಮನ್ ಹಾಕನ್, ಅಮೆರಿಕದಲ್ಲಿ ಮೆಲ್ವಿನ್ ಲ್ಯಾಕ್ಸ್, ಆಮೇಲೆ 1967ರಲ್ಲಿ ಸ್ಕಲ್ಲಿ ಮತ್ತು ಲ್ಯಾಂಬ್ ಬೇರೆ ಬೇರೆ ದಾರಿಯಿಂದ ಇದನ್ನು ಮಾಡಿದರು.

ಆ ಎನ್ ಪ್ಲಸ್ ಒನ್‌ನಲ್ಲಿ ಒನ್ ಎಲ್ಲಿಂದ ಬಂತು?

ಒಂದು ಮೋಡ್‌ನಲ್ಲಿ ಈಗಾಗಲೇ ‘ಎನ್’ ಫೋಟಾನ್ ಇದ್ದರೆ, ಶಕ್ತಿ ತುಂಬಿಕೊಂಡು ಉಬ್ಬಿದ ಅಣು ಆ ಮೋಡ್‌ಗೆ ಇನ್ನೊಂದು ಕೊಡುವ ಸಂಭವನೀಯತೆ ‘ಎನ್ ಪ್ಲಸ್ ಒನ್’ಗೆ ಅನುಪಾತದಲ್ಲಿದೆ. ಆ ‘ಎನ್’ ಐನ್‌ಸ್ಟೈನ್ 1917ರಲ್ಲಿ ಹೇಳಿದ ಪ್ರಚೋದಿತ ಉತ್ಸರ್ಜನೆ: ಇದ್ದವರು ಕರೆಯುತ್ತಾರೆ, ಹೊಸಬರು ಬರುತ್ತಾರೆ. ‘ಒಂದು’ ಯಾರೂ ಕರೆಯದೆ ಬರುವುದು. ಮೋಡ್ ಖಾಲಿ ಇದ್ದರೂ ಅದು ಪೂರ್ತಿ ಸುಮ್ಮನಿರುವುದಿಲ್ಲ, ಕ್ವಾಂಟಮ್ ಲೆಕ್ಕದಲ್ಲಿ ಖಾಲಿ ಮೋಡ್‌ಗೂ ಒಂದು ಕನಿಷ್ಠ ಅಲುಗಾಟ ಇದೆ.

ಇದರ ಗಾತ್ರ ನೋಡಿ. 1 ಮಿಲಿವ್ಯಾಟ್ ಕೆಂಪು ಲೇಸರ್‌ನಿಂದ ಸೆಕೆಂಡಿಗೆ ಸುಮಾರು 32 ಕೋಟಿ ಕೋಟಿ ಫೋಟಾನ್ ಹೊರಬರುತ್ತವೆ, ಅಂದರೆ 32ರ ಮುಂದೆ 14 ಸೊನ್ನೆ ಇಟ್ಟಷ್ಟು. ಹೊರಬಿಡುವ ಕನ್ನಡಿ ನೂರಕ್ಕೆ ಒಂದು ಪಾಲು ಬಿಡುತ್ತದೆ ಅಂದುಕೊಂಡರೆ ಒಳಗೆ ಯಾವಾಗಲೂ ಸುಮಾರು 60 ಕೋಟಿ ಇರುತ್ತವೆ. 60 ಕೋಟಿಯ ಮುಂದೆ ಆ ‘ಒಂದು’ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಮೊದಲ ಫೋಟಾನ್ ಹಾಕುವುದು ಅದೇ. ಆಮೇಲೆ ದಿನವಿಡೀ ಅಲೆಯ ಫೇಸನ್ನು (ಏರಿಳಿತದಲ್ಲಿ ಅಲೆ ಈಗ ಎಲ್ಲಿದೆ ಅನ್ನೋದನ್ನು) ಸಣ್ಣ ಸಣ್ಣದಾಗಿ ತಳ್ಳುತ್ತಾ ಹೋಗುವುದೂ ಅದೇ. ಮೋಡ್ ಹತ್ತು ಇದ್ದರೆ ಪ್ರತಿಯೊಂದಕ್ಕೂ ತನ್ನದೇ ‘ಒಂದು’.

ಎರಡು ಮೋಡ್ ಇದ್ರೆ, ಹೊರಗೆ ಬಂದ ಒಂದು ಫೋಟಾನ್ ಯಾವ ಮೋಡಿನದು?

ಹಾಗೆ ಕೇಳಲು ಬರುವುದಿಲ್ಲ, ಅಥವಾ ಕೇಳಿದರೆ ಇನ್ನೊಂದನ್ನು ಕಳೆದುಕೊಳ್ಳುತ್ತೀರಿ. ವೇಗದ ಡಿಟೆಕ್ಟರ್ ಇಟ್ಟರೆ ಎರಡು ಮೋಡ್‌ಗಳ ಮಿಡಿತ, ಅಂದರೆ 500 ಮೆಗಾಹರ್ಟ್ಸ್ ಬೀಟ್ ಸಿಗುತ್ತದೆ. ಆಗ ಬಿದ್ದ ಫೋಟಾನ್ ಯಾವುದರದ್ದು ಅಂತ ಗೊತ್ತಾಗುವುದಿಲ್ಲ. ಫಿಲ್ಟರ್ ಹಾಕಿ ಬೇರ್ಪಡಿಸಿದರೆ ಯಾವುದರದ್ದು ಅಂತ ಗೊತ್ತಾಗುತ್ತದೆ, ಬೀಟ್ ಹೋಗುತ್ತದೆ. 1967ರಲ್ಲಿ ಫ್ಲೀಗರ್ ಮತ್ತು ಮ್ಯಾಂಡೆಲ್ ಎರಡು ಬೇರೆ ಬೇರೆ ಲೇಸರ್‌ಗಳನ್ನೇ ತೆಗೆದುಕೊಂಡು, ಒಂದು ಫೋಟಾನ್ ಡಿಟೆಕ್ಟರಿಗೆ ಬಿದ್ದ ಮೇಲೇ ಸಾಮಾನ್ಯವಾಗಿ ಇನ್ನೊಂದು ಹೊರಡುವಷ್ಟು ಬೆಳಕು ಕಮ್ಮಿ ಮಾಡಿದರು. ಆದರೂ ಪಟ್ಟೆಗಳು ಬಂದವು. ಫೋಟಾನ್‌ಗೆ ಊರು, ಮನೆತನ ಹುಡುಕುವ ಅಭ್ಯಾಸ ನಮ್ಮದು, ಅದರದ್ದಲ್ಲ. ಲ್ಯಾಂಬ್‌ಗಂತೂ ‘ಫೋಟಾನ್’ ಪದವೇ ಇಷ್ಟವಿರಲಿಲ್ಲ, 1995ರಲ್ಲಿ ಅದರ ವಿರುದ್ಧವೇ ಒಂದು ಲೇಖನ ಬರೆದರು. ನಾನು ಅಷ್ಟು ದೂರ ಹೋಗುವುದಿಲ್ಲ, ಎಣಿಸುವಾಗ ಆ ಪದ ಬೇಕೇ ಬೇಕು.

ಹತ್ತಾರು ಮೋಡ್ ಇದ್ರೆ ಲೇಸರ್‌ಗೂ ಬಲ್ಬಿಗೂ ಏನು ವ್ಯತ್ಯಾಸ ಉಳೀತು?

ಇದನ್ನು ಅಳೆಯಲು ಒಂದು ಸಂಖ್ಯೆ ಇದೆ, ‘ಜಿ-ಟೂ’ ಅನ್ನುತ್ತೇವೆ. ಒಂದು ಫೋಟಾನ್ ಸಿಕ್ಕ ಕ್ಷಣದಲ್ಲೇ ಇನ್ನೊಂದು ಸಿಗುವ ಸಾಧ್ಯತೆ ಸಾಮಾನ್ಯಕ್ಕಿಂತ ಎಷ್ಟು ಪಟ್ಟು ಅನ್ನೋದು ಅದರ ಅರ್ಥ. ಬಲ್ಬಿನ ಬೆಳಕಿಗೆ 2, ಫೋಟಾನ್‌ಗಳು ಗುಂಪು ಕಟ್ಟಿಕೊಂಡು ಬರುತ್ತವೆ. ಹೊಸ್ತಿಲು ಚೆನ್ನಾಗಿ ದಾಟಿದ ಒಂಟಿ ಮೋಡ್ ಲೇಸರ್‌ಗೆ 1, ಮಂಡಕ್ಕಿ ಅಂಗಡಿಗೆ ಗಿರಾಕಿಗಳು ಬರುವ ಹಾಗೆ, ಒಬ್ಬರಿಗೂ ಇನ್ನೊಬ್ಬರಿಗೂ ಸಂಬಂಧ ಇಲ್ಲ.

ಒಂದೇ ಜೋರಿನ, ಆದರೆ ಫೇಸ್‌ಗೆ ತಾಳಮೇಳ ಇಲ್ಲದ ಮೋಡ್‌ಗಳಿದ್ದರೆ ‘ಜಿ-ಟೂ’ ಎರಡರಿಂದ ‘ಮೋಡ್ ಸಂಖ್ಯೆಯಲ್ಲಿ ಒಂದು ಪಾಲು’ ಕಳೆದಷ್ಟು. ಎರಡು ಮೋಡ್‌ಗೆ 1.5, ಹತ್ತಕ್ಕೆ 1.9. ಹತ್ತಕ್ಕೇ ಬಲ್ಬಿನ ಹತ್ತಿರ ಬಂದುಬಿಟ್ಟಿತು. ಆದರೆ ಇದು ಮೋಡ್‌ಗಳ ನಡುವಿನ ಬೀಟ್ ಹಿಡಿಯುವಷ್ಟು ಚುರುಕಾದ ಡಿಟೆಕ್ಟರಿಗೆ ಮಾತ್ರ. ನಿಧಾನದ ಡಿಟೆಕ್ಟರ್ ಎಲ್ಲವನ್ನೂ ಸರಾಸರಿ ಮಾಡಿ 1 ಅಂತಲೇ ತೋರಿಸುತ್ತದೆ. ಎರಡು ಲ್ಯಾಬ್‌ನವರು ಒಂದೇ ಲೇಸರ್ ಬಗ್ಗೆ ಜಗಳ ಆಡಿದರೆ ಮೊದಲು ಅವರ ಡಿಟೆಕ್ಟರ್ ವೇಗ ಕೇಳಿ.

ಪವರ್ ಮೀಟರ್ ಸ್ಥಿರವಾಗಿದೆ. ಹಾಗಾದ್ರೆ ಗದ್ದಲ ಎಲ್ಲಿದೆ ಸರ್?

ಮೀಟರ್ ಒಟ್ಟು ನೋಡುತ್ತದೆ. ಗದ್ದಲ ಪಾಲಿನಲ್ಲಿದೆ.

ನನ್ನ ಪ್ರಕಾರ ಮಲ್ಟಿಮೋಡ್ ಕ್ವಾಂಟಮ್ ಸಿದ್ಧಾಂತದ ತಿರುಳೇ ಇಲ್ಲಿದೆ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎರಡು ಮೋಡ್ ಇವೆ, ಇಬ್ಬರೂ ಒಂದೇ ಕೆರೆಯಿಂದ ಉಣ್ಣುತ್ತಾರೆ, ಇಬ್ಬರಿಗೂ ನಷ್ಟ ಅಷ್ಟೇ. ಸ್ಕಲ್ಲಿ-ಲ್ಯಾಂಬ್ ರೀತಿಯಲ್ಲಿ ಮೊದಲನೆಯದರಲ್ಲಿ ಇಷ್ಟು, ಎರಡನೆಯದರಲ್ಲಿ ಇಷ್ಟು ಫೋಟಾನ್ ಇರುವ ಸಂಭವನೀಯತೆಗೆ ಸಮೀಕರಣ ಬರೆಯಿರಿ. ಬರುವಿಕೆ ‘ಎನ್ ಪ್ಲಸ್ ಒನ್’, ಹೋಗುವಿಕೆ ‘ಎನ್’, ಸುಸ್ತಾಗುವಿಕೆ (ಫೋಟಾನ್ ಹೆಚ್ಚಿದಷ್ಟೂ ಅಣುಗಳು ಕೊಡುವ ಬಲ ಕಮ್ಮಿಯಾಗುವುದು) ಮಾತ್ರ ಇಬ್ಬರ ಮೊತ್ತದ ಮೇಲೆ. ಬಿಡಿಸಿದರೆ ಉತ್ತರ ಚಂದ ಇದೆ: ಸಂಭವನೀಯತೆ ಮೊತ್ತದ ಮೇಲೆ ಮಾತ್ರ ನಿಂತಿದೆ. ಅಂದರೆ ಮೊತ್ತ ಒಂದು ಲಕ್ಷ ಅಂತ ಗೊತ್ತಿದ್ದರೆ, ಇವನಿಗೆ 50 ಸಾವಿರ ಅವನಿಗೆ 50 ಸಾವಿರ ಅನ್ನೋದಕ್ಕೆ ಎಷ್ಟು ಸಾಧ್ಯತೆಯೋ, ಇವನಿಗೆ 3 ಅವನಿಗೆ 99,997 ಅನ್ನೋದಕ್ಕೂ ಅಷ್ಟೇ ಸಾಧ್ಯತೆ!

ಮೊದಲ ಸಲ ಈ ಲೆಕ್ಕ ಮಾಡಿದಾಗ ನಾನೇ ನಂಬದೆ ಇನ್ನೊಮ್ಮೆ ಮಾಡಿದ್ದೆ. ಒಟ್ಟು ಮೊತ್ತ ಒಳ್ಳೆಯ ಲೇಸರ್ ಹಾಗೆ ಬಿಗಿಯಾಗಿ ನಿಂತಿದೆ. ಒಳಗೆ ಪಾಲು ಮಾತ್ರ ಹೇಗೆ ಬೇಕೋ ಹಾಗೆ ಓಲಾಡುತ್ತಿದೆ. ಒಂದು ಮೋಡನ್ನು ಮಾತ್ರ ಬೇರ್ಪಡಿಸಿ ನೋಡಿದರೆ ‘ಜಿ-ಟೂ’ ಸುಮಾರು 1.33. ಮೋಡ್‌ಗಳ ಸಂಖ್ಯೆ ಹೆಚ್ಚಿದಷ್ಟೂ ಒಂದೊಂದು ಮೋಡ್ 2ರ ಕಡೆಗೆ, ಅಂದರೆ ಬಲ್ಬಿನ ಕಡೆಗೆ ಹೋಗುತ್ತದೆ. ಒಟ್ಟಾಗಿ ನೋಡಿದರೆ ಲೇಸರ್, ಬಿಡಿಬಿಡಿಯಾಗಿ ನೋಡಿದರೆ ಬಲ್ಬ್. ಹಿಂದಿನ ಉತ್ತರದ 1.5ರ ಜೊತೆ ಇದನ್ನು ಗೊಂದಲ ಮಾಡಿಕೊಳ್ಳಬೇಡಿ. ಅಲ್ಲಿ ಪ್ರತಿ ಮೋಡ್ ಸ್ಥಿರ, ಬೀಟ್‌ನಿಂದ ಗದ್ದಲ. ಇಲ್ಲಿ ಮೋಡ್‌ನ ಜೋರೇ ಅಲ್ಲಾಡುತ್ತಿದೆ.

ಇದು ಬರೀ ಕಾಗದದ ಲೆಕ್ಕ ಅನ್ನಬೇಡಿ. ಸಾದಾ ಡಯೋಡ್ ಲೇಸರ್ ಒಂದು 0.3 ಮಿಲಿಮೀಟರ್ ಉದ್ದದ ಚೂರು, ಅದರ ಮೋಡ್‌ಗಳ ನಡುವೆ ಸುಮಾರು 140 ಗಿಗಾಹರ್ಟ್ಸ್. ಫೈಬರ್‌ನಲ್ಲಿ ಬೇರೆ ಬೇರೆ ಆವರ್ತನ ಬೇರೆ ಬೇರೆ ವೇಗದಲ್ಲಿ ಓಡುತ್ತದೆ. ಹೊರಡುವಾಗ ಒಟ್ಟು ಸ್ಥಿರವಾಗಿದ್ದ ಬೆಳಕು, ಹತ್ತಾರು ಕಿಲೋಮೀಟರ್ ಹೋದ ಮೇಲೆ ಪಾಲುದಾರರು ಹಿಂದೆಮುಂದೆ ಆಗಿ ಗದ್ದಲವಾಗಿ ಬಂದಿಳಿಯುತ್ತದೆ. ಇದರ ಹೆಸರೇ ಮೋಡ್ ಪಾರ್ಟಿಷನ್ ನಾಯ್ಸ್. ದೂರದ ಲೈನ್‌ಗಳಿಗೆ ಒಂದೇ ಮೋಡ್‌ನ ಡಿಎಫ್‌ಬಿ (ಡಿಸ್ಟ್ರಿಬ್ಯೂಟೆಡ್ ಫೀಡ್‌ಬ್ಯಾಕ್) ಲೇಸರ್ ಬಳಸುವುದಕ್ಕೆ ಇದೂ ಒಂದು ಮುಖ್ಯ ಕಾರಣ.

## ಲೆಕ್ಕಕ್ಕೆ ಇಳಿದವರಿಗೆ

ಡೆನ್ಸಿಟಿ ಮ್ಯಾಟ್ರಿಕ್ಸ್, ಲಾಂಜೆವಾನ್, ಫಾಕರ್-ಪ್ಲಾಂಕ್: ಯಾವುದನ್ನ ಹಿಡೀಬೇಕು?

ಊರು ಒಂದೇ, ದಾರಿ ಮೂರು. ಫೋಟಾನ್ ಎಣಿಕೆ ಬೇಕಿದ್ದರೆ ಸ್ಕಲ್ಲಿ-ಲ್ಯಾಂಬ್‌ನ ಡೆನ್ಸಿಟಿ ಮ್ಯಾಟ್ರಿಕ್ಸ್, ಕರ್ಣದ ಮೇಲೆ ಸಂಭವನೀಯತೆಗಳಿರುವ ಒಂದು ಚೌಕ ಪಟ್ಟಿ. ಆದರೆ ಮೋಡ್ ಹೆಚ್ಚಾದರೆ ಪಟ್ಟಿ ಕೈಗೆ ಸಿಗುವುದಿಲ್ಲ. ಎರಡು ಮೋಡ್, ಒಂದೊಂದರಲ್ಲಿ ಲಕ್ಷದವರೆಗೆ ಫೋಟಾನ್ ಅಂದರೂ ಕರ್ಣದ ಮೇಲಿನ ಸಂಖ್ಯೆಗಳೇ ಸಾವಿರ ಕೋಟಿ. ಗದ್ದಲದ ಸ್ಪೆಕ್ಟ್ರಮ್ ಬೇಕಿದ್ದರೆ ಹಾಕನ್, ಲ್ಯಾಕ್ಸ್ ತುಳಿದ ಲಾಂಜೆವಾನ್ ದಾರಿ: ಸಾಮಾನ್ಯ ಸಮೀಕರಣಕ್ಕೆ ಒಂದು ಯದ್ವಾತದ್ವಾ ತಳ್ಳುವ ಬಲ ಸೇರಿಸುವುದು, ಆ ಬಲದ ಗಾತ್ರವನ್ನು ಕ್ವಾಂಟಮ್ ನಿಯಮವೇ ಹೇಳುತ್ತದೆ. ಹೊಸ್ತಿಲಿನ ಆಸುಪಾಸು, ಮೋಡ್‌ಗಳ ಜಿಗಿತ ಬೇಕಿದ್ದರೆ ಫಾಕರ್-ಪ್ಲಾಂಕ್, ಅಂದರೆ ಸಂಭವನೀಯತೆ ಹೊತ್ತು ಹೋದಂತೆ ಹೇಗೆ ಹರಡುತ್ತದೆ ಅನ್ನುವ ಸಮೀಕರಣ. ಇದಕ್ಕೆ ಕೋಹೆರೆಂಟ್ ಸ್ಟೇಟ್ (ಹಳೇ ಅಲೆಗೆ ತೀರಾ ಹತ್ತಿರದ ಕ್ವಾಂಟಮ್ ಸ್ಥಿತಿ) ಗೊತ್ತಿರಬೇಕು. 1963ರಲ್ಲಿ ಗ್ಲಾಬರ್ ಮತ್ತು ನಮ್ಮ ಕೇರಳದ ಸುದರ್ಶನ್ ಕೊಟ್ಟ ‘ಪಿ’ ನಿರೂಪಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ನಾನು ಮಕ್ಕಳಿಗೆ ಲಾಂಜೆವಾನ್‌ನಿಂದ ಶುರು ಮಾಡಿಸುತ್ತೇನೆ, ಅದರಲ್ಲಿ ಭೌತಶಾಸ್ತ್ರ ಕಣ್ಣಿಗೆ ಕಾಣುತ್ತಿರುತ್ತದೆ.

ಎರಡು ಮೋಡ್ ಪೈಪೋಟೀಲಿ ಯಾವಾಗ ಇಬ್ಬರೂ ಉಳೀತಾರೆ, ಯಾವಾಗ ಒಬ್ಬರು?

ಒಂದು ಮೋಡ್ ತನ್ನ ಊಟವನ್ನು ತಾನೇ ಎಷ್ಟು ಕಮ್ಮಿ ಮಾಡಿಕೊಳ್ಳುತ್ತದೆ, ಪಕ್ಕದವನ ಊಟವನ್ನು ಎಷ್ಟು ಕಮ್ಮಿ ಮಾಡುತ್ತದೆ, ಇವೆರಡನ್ನು ಹೋಲಿಸಿ. ಪಕ್ಕದವನಿಗೆ ಮಾಡುವ ತೊಂದರೆ ಕಮ್ಮಿ ಇದ್ದರೆ ಇಬ್ಬರೂ ಉಳಿಯುತ್ತಾರೆ. ಜಾಸ್ತಿ ಇದ್ದರೆ ಒಬ್ಬನೇ, ಯಾರು ಮೊದಲು ಎದ್ದರೋ ಅವರು. ಸರಿಸಮ ಇದ್ದರೆ ಮೇಲೆ ಹೇಳಿದ ಓಲಾಟ. ಇಷ್ಟು ಲ್ಯಾಂಬ್ ಲೆಕ್ಕದಲ್ಲೂ ಬರುತ್ತದೆ.

ಕ್ವಾಂಟಮ್ ಸೇರಿಸಿದರೆ ಎರಡನೇ ಸಂದರ್ಭ ಬದಲಾಗುತ್ತದೆ. ಗೆದ್ದವನ ಕುರ್ಚಿ ಶಾಶ್ವತ ಅಲ್ಲ. ಸೋತ ಮೋಡ್‌ಗೂ ತನ್ನ ‘ಒಂದು’ ಬರುತ್ತಲೇ ಇರುತ್ತದೆ. ಯಾವಾಗಲೋ ಒಮ್ಮೆ ಅದೃಷ್ಟ ಕೂಡಿ ಬಂದು ಗೆದ್ದವನನ್ನು ಬೀಳಿಸುತ್ತದೆ. ರಾಚೆಸ್ಟರ್‌ನಲ್ಲಿ ಮ್ಯಾಂಡೆಲ್ ಗುಂಪಿನವರು 1980ರ ಆಸುಪಾಸಿನಲ್ಲಿ ರಿಂಗ್ ಡೈ ಲೇಸರ್ ಇಟ್ಟುಕೊಂಡು ಇದನ್ನೇ ನೋಡಿದರು. ಉಂಗುರದಲ್ಲಿ ಬಲಕ್ಕೆ ಸುತ್ತುವ ಬೆಳಕು ಒಂದು ಮೋಡ್, ಎಡಕ್ಕೆ ಸುತ್ತುವುದು ಇನ್ನೊಂದು. ಬಲಗಡೆಯದು ಸ್ವಲ್ಪ ಹೊತ್ತು ಹತ್ತಿರುತ್ತದೆ, ಇದ್ದಕ್ಕಿದ್ದಂತೆ ಆರಿ ಎಡಗಡೆಯದು ಹತ್ತುತ್ತದೆ. ಪಂಪ್ (ಅಣುಗಳಿಗೆ ಹೊರಗಿನಿಂದ ತುಂಬುವ ಶಕ್ತಿ) ಹೆಚ್ಚಿಸಿದಷ್ಟೂ ಒಂದೊಂದರ ಸರದಿ ಉದ್ದವಾಗುತ್ತದೆ.

ಮೋಡ್ ಲಾಕಿಂಗ್‌ಗೂ ಕ್ವಾಂಟಮ್‌ಗೂ ಏನು ಸಂಬಂಧ?

ಮೋಡ್‌ಗಳ ಫೇಸ್‌ಗಳನ್ನು ಕೋಲಾಟದವರ ಹಾಗೆ ಒಂದೇ ತಾಳಕ್ಕೆ ಕಟ್ಟಿದರೆ ಬೆಳಕು ಪಟ್ ಪಟ್ ಅಂತ ಸಣ್ಣ ಮಿಂಚುಗಳಾಗಿ ಬರುತ್ತದೆ. 1964ರಲ್ಲಿ ಹೀಲಿಯಂ-ನಿಯಾನ್‌ನಲ್ಲೇ ಇದನ್ನು ಮಾಡಿದರು. ಕನ್ನಡಿಗಳ ದೂರ ಒಂದೂವರೆ ಮೀಟರ್ ಇದ್ದರೆ 10 ನ್ಯಾನೋಸೆಕೆಂಡಿಗೆ ಒಂದು ಮಿಂಚು. ಟೈಟೇನಿಯಂ-ಸಫೈರ್‌ನಂಥ ಲೇಸರ್‌ನಲ್ಲಿ ಲಕ್ಷಗಟ್ಟಲೆ ಮೋಡ್ ಕೂಡಿ ಕೆಲವೇ ಫೆಮ್ಟೋಸೆಕೆಂಡಿನ ಮಿಂಚು ಬರುತ್ತದೆ. ಕಟ್ಟಿದ ಮೇಲೆ ಪ್ರತಿ ಮೋಡ್‌ಗೆ ತನ್ನದೇ ಓಲಾಟ ಉಳಿಯುವುದಿಲ್ಲ. ತಾನಾಗೇ ಹೊರಡುವ ಬೆಳಕು ಈಗ ಇಡೀ ಸಾಲನ್ನು ಒಟ್ಟಿಗೆ ಅಲ್ಲಾಡಿಸುತ್ತದೆ: ಮಿಂಚು ಬರುವ ಹೊತ್ತು ಚೂರು ಹಿಂದೆಮುಂದೆ ಆಗುತ್ತದೆ, ಸಾಲಿನ ಒಟ್ಟು ಫೇಸ್ ಮೆಲ್ಲಗೆ ಜಾರುತ್ತದೆ. ಎಷ್ಟೇ ಒಳ್ಳೆ ಲೇಸರ್ ಕಟ್ಟಿದರೂ ಈ ಮಟ್ಟದ ಅಲುಗಾಟ ಬಿಡುವುದಿಲ್ಲ.

ಒಂದು ಕಾಕತಾಳೀಯ ನನಗೆ ಇಷ್ಟ. 2005ರ ನೊಬೆಲ್‌ನ ಅರ್ಧ ಗ್ಲಾಬರ್‌ಗೆ, ಬೆಳಕಿನ ಕ್ವಾಂಟಮ್ ಸಿದ್ಧಾಂತಕ್ಕೆ. ಉಳಿದರ್ಧ ಹಾಲ್ ಮತ್ತು ಹೆನ್ಷ್‌ಗೆ, ಇದೇ ಲಾಕ್ ಮಾಡಿದ ಮೋಡ್‌ಗಳ ಬಾಚಣಿಗೆಯಿಂದ ಆವರ್ತನ ಅಳೆದಿದ್ದೂ ಸೇರಿದ ಕೆಲಸಕ್ಕೆ.

ಎರಡು ಮೋಡ್‌ಗಳ ನಡುವಿನ ಫೇಸ್ ಗದ್ದಲವನ್ನ ಪೂರ್ತಿ ತೆಗೀಬಹುದಾ?

ಎರಡರದ್ದೂ ಒಟ್ಟಿಗೆ ಅಲ್ಲಾಡುವುದನ್ನು ತೆಗೆಯಲಾಗದು. ಅವುಗಳ ನಡುವಿನ ವ್ಯತ್ಯಾಸದ ಗದ್ದಲವನ್ನು ತೆಗೆಯಬಹುದು, ತತ್ವದಲ್ಲಿ. 1985ರಲ್ಲಿ ಸ್ಕಲ್ಲಿ ಒಂದು ಉಪಾಯ ಹೇಳಿದರು. ಅಣುವಿಗೆ ಮೇಲೆ ಎರಡು ಮಟ್ಟ, ಕೆಳಗೆ ಒಂದು. ಮೇಲಿನ ಎರಡನ್ನೂ ಒಂದೇ ಸೂಪರ್‌ಪೊಸಿಷನ್ನಿನಲ್ಲಿ ಹೆಣೆದು, ಒಂದರಿಂದ ಬೀಳುವ ಬೆಳಕು ಮೊದಲ ಮೋಡ್‌ಗೆ, ಇನ್ನೊಂದರಿಂದ ಬೀಳುವುದು ಎರಡನೆಯದಕ್ಕೆ ಹೋಗುವ ಹಾಗೆ ಮಾಡಿದರೆ, ತಾನಾಗೇ ಬರುವ ತಳ್ಳು ಎರಡಕ್ಕೂ ಒಂದೇ ದಿಕ್ಕಿನಲ್ಲಿ ಬೀಳುತ್ತದೆ. ಒಂದೇ ಬಂಡಿಯಲ್ಲಿ ಕೂತ ಇಬ್ಬರು ಕುಲುಕಿದ ಹಾಗೆ, ಇಬ್ಬರೂ ಹಾರುತ್ತಾರೆ, ನಡುವಿನ ದೂರ ಬದಲಾಗುವುದಿಲ್ಲ. ಇದಕ್ಕೆ ಕೋರಿಲೇಟೆಡ್ ಎಮಿಷನ್ ಲೇಸರ್ ಅಂತ ಹೆಸರು.

ಕನ್ನಡಿ ತುಂಬಾ ಸೋರಿದ್ರೆ, ಅಥವಾ ಕನ್ನಡೀನೇ ಇಲ್ಲದಿದ್ರೆ?

ಇಷ್ಟು ಹೊತ್ತು ಹೇಳಿದ್ದೆಲ್ಲ ಮೋಡ್‌ಗಳು ಬೇರೆ ಬೇರೆ, ಒಂದರ ಅಗಲ ನಡುವಿನ ಅಂತರಕ್ಕಿಂತ ಬಹಳ ಕಮ್ಮಿ ಅನ್ನೋ ನಂಬಿಕೆಯ ಮೇಲೆ. ಸೋರಿಕೆ ಜಾಸ್ತಿಯಾದರೆ ಅಗಲ ಹೆಚ್ಚಿ ಮೋಡ್‌ಗಳು ಒಂದರ ಮೇಲೊಂದು ಬೀಳುತ್ತವೆ. ಆಗ ಇದು ನಿನ್ನ ‘ಒಂದು’, ಇದು ನನ್ನ ‘ಒಂದು’ ಅಂತ ಲೆಕ್ಕ ಹಂಚಲು ಆಗುವುದಿಲ್ಲ. ಹೊರಗಿನ ಒಂದೇ ಗದ್ದಲ ಎರಡು ಮೋಡ್‌ಗೂ ನುಗ್ಗುತ್ತದೆ, ಲೈನಿನ (ಒಂದು ಮೋಡ್‌ನ ಬಣ್ಣದ) ಅಗಲ ಶಾಲೋ-ಟೌನ್ಸ್ ಹೇಳಿದ್ದಕ್ಕಿಂತ ಹೆಚ್ಚಾಗುತ್ತದೆ. ಆ ಹೆಚ್ಚಳದ ಗುಣಕಕ್ಕೆ ಪೀಟರ್‌ಮನ್ ಹೆಸರಿದೆ, 1979ರದ್ದು. ಪುಡಿಯಲ್ಲಿ ಚೆದುರಿದ ಬೆಳಕೇ ಕನ್ನಡಿಯ ಕೆಲಸ ಮಾಡುವ ರ‍್ಯಾಂಡಮ್ ಲೇಸರ್‌ಗಳಿಗೆ ಈ ಲೆಕ್ಕ ಬೇಕೇ ಬೇಕು.

ನಮ್ಮ ಕಾಲೇಜಲ್ಲಿ ಲ್ಯಾಬ್ ಇಲ್ಲ, ಲ್ಯಾಪ್‌ಟಾಪ್ ಮಾತ್ರ ಇದೆ. ಏನಾದ್ರೂ ಮಾಡಿ ನೋಡಬಹುದಾ?

ಧಾರಾಳವಾಗಿ. ಪೈಥಾನ್‌ನಲ್ಲಿ ನಲವತ್ತು ಸಾಲು ಸಾಕು. ಎರಡು ಎಣಿಕೆ ಇಟ್ಟುಕೊಳ್ಳಿ, ಎರಡೂ ಸೊನ್ನೆಯಿಂದ ಶುರು. ಪ್ರತಿ ಹೆಜ್ಜೆಗೆ ನಾಲ್ಕು ಘಟನೆಗಳಲ್ಲಿ ಒಂದು ನಡೆಯುತ್ತದೆ: ಮೊದಲನೆಯದಕ್ಕೆ ಒಂದು ಸೇರುವುದು ಅಥವಾ ಒಂದು ಹೋಗುವುದು, ಎರಡನೆಯದಕ್ಕೂ ಹಾಗೇ. ಸೇರುವ ದರ ‘ಎನ್ ಪ್ಲಸ್ ಒನ್’, ಅದನ್ನು ‘ಒಂದು ಪ್ಲಸ್ ತನ್ನ ಸುಸ್ತು ಪ್ಲಸ್ ಪಕ್ಕದವನಿಂದ ಆದ ಸುಸ್ತು’ ಇದರಿಂದ ಭಾಗಿಸಿ. ಹೋಗುವ ದರ ಎನ್‌ಗೆ ಅನುಪಾತ. ಯಾವ ಘಟನೆ ಅನ್ನೋದನ್ನು ದರಗಳಿಗೆ ತಕ್ಕಂತೆ ಚೀಟಿ ಎತ್ತಿ ಆರಿಸಿ. 60 ಕೋಟಿ ಫೋಟಾನ್ ಬೇಡ, ಮೊತ್ತ ಐನೂರರ ಸುತ್ತ ನಿಲ್ಲುವ ಹಾಗೆ ಸಂಖ್ಯೆ ಕೊಡಿ, ಇಲ್ಲದಿದ್ದರೆ ಬೆಳಗಾದರೂ ಮುಗಿಯುವುದಿಲ್ಲ. ಮೂರು ಗೆರೆ ಎಳೆಯಿರಿ: ಇವನು, ಅವನು, ಮೊತ್ತ. ಪಕ್ಕದವನ ಸುಸ್ತನ್ನು ತನ್ನದಕ್ಕೆ ಸಮ ಇಟ್ಟರೆ ಮೊತ್ತದ ಗೆರೆ ಒಂದೇ ಮಟ್ಟದಲ್ಲಿ ನಿಂತಿರುತ್ತದೆ, ಕೆಳಗೆ ಉಳಿದೆರಡು ಒಂದನ್ನೊಂದು ಕನ್ನಡಿಯಂತೆ ಅನುಸರಿಸುತ್ತಾ ಓಲಾಡುತ್ತವೆ. ಸ್ವಲ್ಪ ಜಾಸ್ತಿ ಇಟ್ಟರೆ ಜಿಗಿತ ಶುರುವಾಗುತ್ತದೆ.

ಇದಾದ ಮೇಲೆ ಎರಡು ಮೋಡ್‌ಗಳಿಂದಲೂ ಆ ‘ಪ್ಲಸ್ ಒನ್’ ಅಳಿಸಿ ಮತ್ತೆ ಓಡಿಸಿ. ಹೋದ ವರ್ಷ ಒಬ್ಬ ಹುಡುಗಿ ಹೀಗೆ ಮಾಡಿ, ಪ್ರೋಗ್ರಾಂ ಕೆಟ್ಟಿದೆ ಸರ್ ಅಂತ ರಾತ್ರಿ ಹತ್ತಕ್ಕೆ ಫೋನ್ ಮಾಡಿದ್ದಳು. ಮೂರೂ ಗೆರೆ ಸೊನ್ನೆಯ ಮೇಲೇ ಮಲಗಿದ್ದವಂತೆ.